ಡ್ರೈವರ್ ಕಾಲೇಜಿನವನೇ?

(ದತ್ತಿ ಉಪನ್ಯಾಸದ ಪಠ್ಯ)



ಈ ದತ್ತಿಯನ್ನಿಟ್ಟ ಹಿರಿಯರು ಕಾಲೇಜಿನ ಆಫೀಸಿಗೆ ಗುಮಾಸ್ತರಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಅವರ ಹೆಸರಿನ ಉಪನ್ಯಾಸದಲ್ಲಿ ಇದುವರೆಗೆ ವಚನ, ಕೀರ್ತನೆ, ಶಿಕ್ಷಣದ ಮೌಲ್ಯಗಳು ಎಲ್ಲವೂ ಬಂದು ಹೋಗಿವೆಯಂತೆ. ಗುಮಾಸ್ತರ ವಿಷಯ ಮಾತ್ರ ಬಂದಿಲ್ಲ. ವಿಷಯದ ಆಯ್ಕೆ ನಿಮ್ಮದೇ ಎಂದು ಸಂಘಟಕರು ಧಾರಾಳವಾಗಿ ಹೇಳಿದ್ದರಿಂದ ಕಾಲೇಜುಗಳ ಬೋಧಕೇತರ ನೌಕರರು ಮತ್ತು ಅವರನ್ನು ಕೆಲಸಕ್ಕಿಟ್ಟುಕೊಂಡವರ ನಡುವಿನ ವ್ಯಾಜ್ಯವನ್ನು ಎತ್ತಿಕೊಂಡಿದ್ದೇನೆ. ನಾನು ಕಾರ್ಮಿಕ ನ್ಯಾಯಾಲಯಗಳಲ್ಲಿ ವಕೀಲಿಕೆ ಮಾಡಿದವನು. ಕೆಲವೊಮ್ಮೆ ನೌಕರರ ಪರ ನಿಂತಿದ್ದೇನೆ, ಕೆಲವೊಮ್ಮೆ ಆಡಳಿತ ಮಂಡಳಿಗಳ ಪರ. ಸಭೆಯಲ್ಲಿ ಎರಡೂ ಕಡೆಯವರು ಕೂತಿರುವುದು ಕಾಣುತ್ತಿದೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ಇವತ್ತಿನ ನನ್ನ ಮಾತು ತಕ್ಕಡಿ ಹಿಡಿದು ಆಡುವ ಮಾತಲ್ಲ.

ದೆಹಲಿಯ ಒಂದು ಪ್ರಕರಣದಿಂದ ಶುರು ಮಾಡುತ್ತೇನೆ. ದೆಹಲಿ ವಿಶ್ವವಿದ್ಯಾಲಯ ಹೆಣ್ಣುಮಕ್ಕಳಿಗಾಗಿ ಒಂದು ಕಾಲೇಜು ನಡೆಸುತ್ತಿತ್ತು. ವಿದ್ಯಾರ್ಥಿನಿಯರನ್ನು ಕರೆತಂದು ಮನೆಗೆ ಬಿಡಲು ಅದಕ್ಕೆ ಬಸ್ಸುಗಳಿದ್ದವು, ಬಸ್ಸುಗಳಿಗೆ ಡ್ರೈವರುಗಳಿದ್ದರು. ಬಸ್ಸು ಓಡಿಸುವುದರಿಂದ ನಷ್ಟವಾಗುತ್ತಿದೆ ಎಂದು ಕಂಡಮೇಲೆ ಆ ವ್ಯವಸ್ಥೆಯನ್ನೇ ನಿಲ್ಲಿಸಲು ತೀರ್ಮಾನವಾಯಿತು. 1961ರಲ್ಲಿ ಇಬ್ಬರು ಡ್ರೈವರುಗಳ ಕೆಲಸ ಹೋಯಿತು. ಇಬ್ಬರದೂ ಹತ್ತು ವರ್ಷ ದಾಟಿದ ಸೇವೆ. ಅವರ ಮೇಲೆ ಕುಡಿತ, ಕಳವು, ಅಪಘಾತ ಯಾವ ಆರೋಪವೂ ಇರಲಿಲ್ಲ. ಬಸ್ಸು ಬೇಡವಾಯಿತು, ಬಸ್ಸಿನ ಜೊತೆ ಅವರೂ ಬೇಡವಾದರು, ಅಷ್ಟೆ.

ಅವರು ಕೆಲಸ ವಾಪಸು ಕೊಡಿ ಎಂದು ಕೇಳಲಿಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 25-ಎಫ್ ಕಲಮಿನ ಪ್ರಕಾರ, ತಪ್ಪಿಲ್ಲದೆ ಕೆಲಸದಿಂದ ತೆಗೆಯುವಾಗ ಒಂದು ತಿಂಗಳ ನೋಟಿಸು ಇಲ್ಲವೇ ಅದರ ಬದಲು ಸಂಬಳ ಕೊಡಬೇಕಿತ್ತು. ಜೊತೆಗೆ ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳವನ್ನು ಪರಿಹಾರವಾಗಿ ಕೊಡಬೇಕಿತ್ತು. ಅವರು ಕೇಳಿದ್ದು ಈ ಪರಿಹಾರವನ್ನು. ಹನ್ನೆರಡು ವರ್ಷ ದುಡಿದವನಿಗೆ ಅದು ಆರು ತಿಂಗಳ ಸಂಬಳ. ಅವರು ಹಿಡಿದ ದಾರಿಯೂ ಸಣ್ಣದೇ: ಅದೇ ಕಾಯ್ದೆಯ 33-ಸಿ(2) ಕಲಮಿನಡಿ ಒಂದು ಅರ್ಜಿ. ನೌಕರನಿಗೆ ಬರಬೇಕಾದ ಹಣವನ್ನು ಲೆಕ್ಕ ಹಾಕಿ ಕೊಡಿಸುತ್ತಿದ್ದ ಕಲಮು ಅದು. ಅದರಲ್ಲಿ ತತ್ತ್ವಜ್ಞಾನಕ್ಕೆ ಜಾಗವಿರಲಿಲ್ಲ, ಕೂಡುವುದು ಗುಣಿಸುವುದು ಮಾತ್ರ.

ಆದರೆ ವಿಶ್ವವಿದ್ಯಾಲಯ ತತ್ತ್ವಜ್ಞಾನವನ್ನು ತಂದಿತು. ನಾವು ಕೈಗಾರಿಕೆಯಲ್ಲ, ಆದ್ದರಿಂದ ಈ ಕಾಯ್ದೆ ನಮ್ಮ ಬಾಗಿಲೊಳಗೆ ಬರುವಂತಿಲ್ಲ ಎಂದಿತು. ಕೆಳಗಿನ ನ್ಯಾಯಮಂಡಳಿ ಒಪ್ಪಲಿಲ್ಲ, ಡ್ರೈವರುಗಳಿಗೆ ಪರಿಹಾರ ಕೊಡಿ ಎಂದಿತು. ಸುಪ್ರೀಂ ಕೋರ್ಟು ಒಪ್ಪಿತು. 1963ರ ಆ ತೀರ್ಪು ದೆಹಲಿ ವಿಶ್ವವಿದ್ಯಾಲಯ ವಿರುದ್ಧ ರಾಮನಾಥ್ ಎಂಬ ಹೆಸರಿನಲ್ಲಿ ಕಾನೂನಿನ ಪುಸ್ತಕಗಳಲ್ಲಿದೆ. ಅದರ ತರ್ಕ ಹೀಗೆ: ಶಿಕ್ಷಣ ಎಂದರೆ ವ್ಯಕ್ತಿತ್ವವನ್ನು ರೂಪಿಸುವ ಕೆಲಸ, ಅದೊಂದು ವ್ರತ; ವ್ಯಾಪಾರದ ಪಕ್ಕದಲ್ಲಿ ಅದನ್ನು ಇಡಲಾಗದು. ಆ ಕೆಲಸದಲ್ಲಿ ಮುಖ್ಯರಾದವರು ಅಧ್ಯಾಪಕರು. ಅವರು ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ. ಮುಖ್ಯರಾದವರೇ ಕಾಯ್ದೆಯ ಹೊರಗಿರುವಾಗ, ಗುಮಾಸ್ತರು, ಜವಾನರು, ಡ್ರೈವರುಗಳಂಥ ಅಧೀನ ಸಿಬ್ಬಂದಿಗಾಗಿ ಇಡೀ ಸಂಸ್ಥೆಯನ್ನು ಕೈಗಾರಿಕೆ ಎನ್ನಲಾಗದು. ಇಡೀ ಕಾರ್ಯದಲ್ಲಿ ಅವರ ಪಾತ್ರ ತೀರ ಚಿಕ್ಕದು, ಲೆಕ್ಕಕ್ಕೆ ಬಾರದ್ದು.

ತೀರ್ಪು ಬರೆದವರು ಕಾರ್ಮಿಕರ ಕಷ್ಟ ಅರಿಯದ ನ್ಯಾಯಮೂರ್ತಿ ಆಗಿದ್ದರೆ ನಾನು ಇಷ್ಟು ಹೊತ್ತು ಅದರ ಮುಂದೆ ನಿಲ್ಲುತ್ತಿರಲಿಲ್ಲ. ಬರೆದವರು ಪಿ. ಬಿ. ಗಜೇಂದ್ರಗಡ್ಕರ್. ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ ಹೋದವರು, ಮುಂದೆ ಮುಖ್ಯ ನ್ಯಾಯಮೂರ್ತಿಗಳಾದವರು, ಮೊದಲ ರಾಷ್ಟ್ರೀಯ ಕಾರ್ಮಿಕ ಆಯೋಗದ ಅಧ್ಯಕ್ಷರಾದವರು. ಈ ದೇಶದ ಕಾರ್ಮಿಕ ಕಾನೂನನ್ನು ಕಟ್ಟಿದ ಮೂರು ನಾಲ್ಕು ಕೈಗಳಲ್ಲಿ ಅವರದೊಂದು. ಮೂರೇ ವರ್ಷದ ಹಿಂದೆ, 1960ರಲ್ಲಿ, ಮುಂಬಯಿಯ ಜೆ. ಜೆ. ಆಸ್ಪತ್ರೆ ಸಮೂಹದ ವಾರ್ಡು ಸಿಬ್ಬಂದಿಯ ಪ್ರಕರಣ ಅವರ ಮುಂದೆ ಬಂದಿತ್ತು. ಅಲ್ಲಿಯೂ ಇದೇ 25-ಎಫ್, ಇದೇ ಪರಿಹಾರದ ಪ್ರಶ್ನೆ. ಆಸ್ಪತ್ರೆ ಕೈಗಾರಿಕೆಯೇ ಸರಿ, ಪರಿಹಾರ ಕೊಡದೆ ಕೆಲಸದಿಂದ ತೆಗೆದ ಆದೇಶ ಊರ್ಜಿತವಲ್ಲ ಎಂದು ಆಗ ಬರೆದವರೂ ಇವರೇ. ಅದೇ ವರ್ಷ ನಾಗಪುರ ನಗರಪಾಲಿಕೆಯ ಪ್ರಕರಣದಲ್ಲಿ ಪಾಲಿಕೆಯ ಶಿಕ್ಷಣ ಇಲಾಖೆಯೂ ಕೈಗಾರಿಕೆಯೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟು ಹೇಳಿಯಾಗಿತ್ತು. ರೋಗಿಯ ಹಾಸಿಗೆ ಬದಲಿಸುವವಳಿಗೆ ದೊರೆತ ರಕ್ಷಣೆ ವಿದ್ಯಾರ್ಥಿನಿಯನ್ನು ಕರೆತರುವವನಿಗೆ ದೊರೆಯಲಿಲ್ಲ. ಯಾಕೆ? ನನಗೆ ತೋರುವ ಉತ್ತರ ಒಂದೇ. ಗುರು ಎಂದ ಕೂಡಲೆ ನಮ್ಮ ಎಷ್ಟು ದೊಡ್ಡ ಮನಸ್ಸುಗಳೂ ಕೈಮುಗಿದು ನಿಲ್ಲುತ್ತವೆ. ಕೈಮುಗಿದು ನಿಂತವರಿಗೆ ಹಿಂದೆ ಬಸ್ಸು ನಿಲ್ಲಿಸಿಕೊಂಡು ಕಾಯುತ್ತಿರುವವನು ಕಾಣುವುದಿಲ್ಲ.

ನಿವೃತ್ತಿಯ ಬಳಿಕ ಗಜೇಂದ್ರಗಡ್ಕರ್ ಮುಂಬಯಿ ವಿಶ್ವವಿದ್ಯಾಲಯದ ಕುಲಪತಿಗಳಾದರು. ಕುಲಪತಿಯ ಕುರ್ಚಿಯಲ್ಲಿ ಕೂತು ಆಫೀಸಿನ ಸಿಬ್ಬಂದಿಯನ್ನು ದಿನವೂ ನೋಡಿದ ಮೇಲೆ ಆ 'ಲೆಕ್ಕಕ್ಕೆ ಬಾರದ' ಮಾತು ಅವರಿಗೆ ಒಮ್ಮೆಯಾದರೂ ನೆನಪಾಗಿರಬಹುದೇ ಎಂದು ನಾನು ಯೋಚಿಸುವುದುಂಟು. ಪರೀಕ್ಷೆಯ ಕಾಲದಲ್ಲಿ ಗುಮಾಸ್ತರು ಒಂದು ವಾರ ಕೈಕಟ್ಟಿ ಕೂತರೆ ವಿಶ್ವವಿದ್ಯಾಲಯ ಎಷ್ಟು ದಿನ ವಿಶ್ವವಿದ್ಯಾಲಯವಾಗಿ ಉಳಿದೀತು ಎಂಬುದು ಯಾವ ಕುಲಪತಿಗೂ ಗೊತ್ತಿರುವ ಸಂಗತಿ.

ಇಲ್ಲಿ ಅಮೆರಿಕದ ಒಂದು ಪ್ರಕರಣವನ್ನು ಪಕ್ಕದಲ್ಲಿಟ್ಟು ನೋಡುವುದು ಚೆನ್ನ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಂಥಾಲಯಗಳ ಗುಮಾಸ್ತ ಸಿಬ್ಬಂದಿಯ ವಿಷಯ 1951ರಲ್ಲಿ ಅಲ್ಲಿನ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಮಂಡಳಿಯ ಮುಂದೆ ಬಂತು. ಮಂಡಳಿ ನಾವು ಕೈ ಹಾಕುವುದಿಲ್ಲ ಎಂದಿತು. ಲಾಭಕ್ಕಲ್ಲದ ಸಂಸ್ಥೆ, ಗ್ರಂಥಾಲಯದ ಕೆಲಸವೋ ಶಿಕ್ಷಣದ ಉದ್ದೇಶದೊಂದಿಗೆ ಬೆಸೆದುಕೊಂಡದ್ದು, ಆದ್ದರಿಂದ ಅದು ನಮ್ಮ ವ್ಯಾಪ್ತಿಗೆ ಬೇಡ ಎಂಬ ವಾದ. ಈಗ ಎರಡನ್ನೂ ಹೊಂದಿಸಿ ನೋಡಿ. ಅಲ್ಲಿ ನೌಕರರನ್ನು ಹೊರಗಿಟ್ಟದ್ದು ಅವರು ಶಿಕ್ಷಣಕ್ಕೆ ತೀರ ಹತ್ತಿರದವರು ಎಂದು. ದೆಹಲಿಯಲ್ಲಿ ಹೊರಗಿಟ್ಟದ್ದು ಅವರು ಶಿಕ್ಷಣಕ್ಕೆ ತೀರ ದೂರದವರು ಎಂದು. ಕಾರಣಗಳು ಒಂದಕ್ಕೊಂದು ವಿರುದ್ಧ, ಕೈಗೆ ಬಂದದ್ದು ಮಾತ್ರ ಎರಡೂ ಕಡೆ ಅದೇ ಸೊನ್ನೆ. ಇಂಥದ್ದನ್ನು ಕಂಡಾಗ ವಕೀಲನಾದವನಿಗೆ ಸಂಶಯ ಬರಬೇಕು. ಎರಡು ವಿರುದ್ಧ ಕಾರಣಗಳು ಒಂದೇ ತೀರ್ಪನ್ನು ಕೊಡುತ್ತಿವೆ ಎಂದರೆ ತೀರ್ಪು ಮೊದಲು ಹುಟ್ಟಿದೆ, ಕಾರಣ ಆಮೇಲೆ ಬಂದಿದೆ. ಅಮೆರಿಕದ ಮಂಡಳಿ 1970ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ತನ್ನ ನಿಲುವನ್ನು ತಾನೇ ಬದಲಿಸಿಕೊಂಡಿತು. ಇಷ್ಟು ದೊಡ್ಡ ಬಜೆಟ್ಟು, ಇಷ್ಟು ಜನ ನೌಕರರು, ಇಷ್ಟು ವ್ಯವಹಾರ ಇಟ್ಟುಕೊಂಡ ಸಂಸ್ಥೆಯನ್ನು ಕಾನೂನಿನಿಂದ ಹೊರಗಿಡಲಾಗದು ಎಂದಿತು.

ನಮ್ಮಲ್ಲಿ ಆ ಬದಲಾವಣೆ ಬಂದದ್ದು ಬೆಂಗಳೂರಿನಿಂದ, ಅದೂ ಕಾಲೇಜಿನಿಂದಲ್ಲ, ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯಿಂದ. ದುರ್ನಡತೆಯ ಆರೋಪದ ಮೇಲೆ ಮಂಡಳಿ ತನ್ನ ಕೆಲವು ನೌಕರರಿಗೆ ದಂಡ ಹಾಕಿ ಹಣ ವಸೂಲು ಮಾಡಿತು. ನಮ್ಮ ಮಾತು ಕೇಳದೆ ದಂಡ ಹಾಕಿದ್ದೀರಿ, ಹಣ ವಾಪಸು ಕೊಡಿ ಎಂದು ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದದ್ದು ಅದೇ 33-ಸಿ(2) ಕಲಮಿನಡಿ. ಮಂಡಳಿಯದೂ ಅದೇ ಉತ್ತರ: ನಾವು ಕೈಗಾರಿಕೆಯಲ್ಲ. ಕಾರ್ಮಿಕ ನ್ಯಾಯಾಲಯ, ಹೈಕೋರ್ಟು ದಾಟಿ ಈ ದಂಡದ ಜಗಳ ಸುಪ್ರೀಂ ಕೋರ್ಟಿನ ಏಳು ಮಂದಿ ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. 1978ರ ಫೆಬ್ರವರಿ 21ರಂದು ತೀರ್ಪು ಬಂತು. ಮುಖ್ಯ ತೀರ್ಪು ಬರೆದವರು ವಿ. ಆರ್. ಕೃಷ್ಣ ಅಯ್ಯರ್, ಒಂದು ಕಾಲಕ್ಕೆ ಕೇರಳದ ಮೊದಲ ಇ.ಎಂ.ಎಸ್. ಸರ್ಕಾರದಲ್ಲಿ ಮಂತ್ರಿಯಾಗಿದ್ದವರು.

ಬೆಂಗಳೂರು ನೀರು ಸರಬರಾಜು ಮಂಡಳಿ ವಿರುದ್ಧ ರಾಜಪ್ಪ. ಕಾರ್ಮಿಕ ಕಾನೂನು ಓದಿದ ದೇಶದ ಯಾವ ವಿದ್ಯಾರ್ಥಿಯೂ ಈ ಹೆಸರನ್ನು ತಿಳಿಯದೆ ಪಾಸಾಗುವುದಿಲ್ಲ. ತೀರ್ಪಿನ ಮೂರು ಅಳತೆಗೋಲುಗಳು ಸರಳ. ಕೆಲಸ ವ್ಯವಸ್ಥಿತವಾಗಿ ನಡೆಯುತ್ತಿದೆಯೇ. ಕೆಲಸ ಕೊಟ್ಟವರು ಮತ್ತು ಮಾಡುವವರು ಸೇರಿ ಅದನ್ನು ನಡೆಸುತ್ತಿದ್ದಾರೆಯೇ. ಜನರಿಗೆ ಬೇಕಾದ ಸರಕೋ ಸೇವೆಯೋ ಅದರಿಂದ ದೊರೆಯುತ್ತಿದೆಯೇ. ಮೂರಕ್ಕೂ ಹೌದು ಎಂದರೆ ಅದು ಕೈಗಾರಿಕೆ. ಲಾಭ ಬರುತ್ತದೆಯೋ ಇಲ್ಲವೋ, ಉದ್ದೇಶ ಪುಣ್ಯದ್ದೋ ಅಲ್ಲವೋ, ಆ ಪ್ರಶ್ನೆ ಬೇಡ. ದೆಹಲಿ ವಿಶ್ವವಿದ್ಯಾಲಯದ ತೀರ್ಪನ್ನು ಹೆಸರಿಟ್ಟು ರದ್ದುಮಾಡಲಾಯಿತು. ಅಧ್ಯಾಪಕರು ಕಾರ್ಮಿಕರಲ್ಲ ಎಂದೇ ಇಟ್ಟುಕೊಂಡರೂ ಉಳಿದವರು ಕಾರ್ಮಿಕರಲ್ಲ ಎಂದಾಗುವುದಿಲ್ಲ. ಸಂಸ್ಥೆ ಏನು ಮಾಡುತ್ತದೆ ಎಂಬುದು ಒಂದು ಪ್ರಶ್ನೆ, ಅದರಲ್ಲಿ ಯಾರು ಕಾರ್ಮಿಕ ಎಂಬುದು ಇನ್ನೊಂದು ಎಂದು ಕೃಷ್ಣ ಅಯ್ಯರ್ ಬಿಡಿಸಿಟ್ಟರು. 1963ರ ತೀರ್ಪಿನ ಗಂಟು ಬಿಚ್ಚಿದ್ದು ಇಲ್ಲಿ.

ಕೆಲವು ವಿನಾಯಿತಿಗಳನ್ನೂ ಕೊಟ್ಟರು. ಅದರಲ್ಲೊಂದು ಗುರುಕುಲ. ಕಲಿಸುವವರೂ ಕಲಿಯುವವರೂ ಕೂಡಿ ಬಾಳುವ, ಸಂಬಳದ ಆಳುಗಳು ಇಲ್ಲದ ಅಥವಾ ಇದ್ದರೂ ಬೆರಳೆಣಿಕೆಯಷ್ಟಿರುವ ಸಣ್ಣ ಸಂಸ್ಥೆಗಳು ಕೈಗಾರಿಕೆಯಲ್ಲ ಎಂದರು. ನ್ಯಾಯವಾದ ಮಾತೇ. ಆದರೆ ಆಮೇಲೆ ನಾನು ಕೋರ್ಟಿನಲ್ಲಿ ಎದುರುಗೊಂಡ ಎಷ್ಟೋ ಆಡಳಿತ ಮಂಡಳಿಗಳ ತಕರಾರು ಅರ್ಜಿಗಳಲ್ಲಿ ನಾಲ್ಕು ಅಂತಸ್ತಿನ ಕಟ್ಟಡ, ಕ್ಯಾಪಿಟೇಷನ್ನು, ಹಾಸ್ಟೆಲ್ಲು, ಹದಿನೈದು ಬಸ್ಸು ಇಟ್ಟುಕೊಂಡ ಸಂಸ್ಥೆಗಳು ತಮ್ಮನ್ನು ಗುರುಕುಲ ಎಂದು ಕರೆದುಕೊಂಡಿರುವುದನ್ನು ಓದಿ ನಕ್ಕಿದ್ದೇನೆ. ಆ ಅರ್ಜಿಗಳನ್ನು ಬರೆದುಕೊಟ್ಟ ವಕೀಲರಲ್ಲಿ ನನ್ನ ಗೆಳೆಯರೂ ಇದ್ದರು, ಅವರೂ ನಗುತ್ತಿದ್ದರು.

ತೀರ್ಪು ಬಂದ ನಾಲ್ಕು ವರ್ಷಕ್ಕೆ ಸಂಸತ್ತು ಅದನ್ನು ಹಿಂದಕ್ಕೆ ತಳ್ಳಿತು. 1982ರ ತಿದ್ದುಪಡಿಯಲ್ಲಿ ಕೈಗಾರಿಕೆಯ ವ್ಯಾಖ್ಯೆಯಿಂದ ಆಸ್ಪತ್ರೆಗಳನ್ನೂ ಶಿಕ್ಷಣ ಸಂಸ್ಥೆಗಳನ್ನೂ ಹೊರಗಿಟ್ಟಿತು. ಅಲ್ಲಿನ ನೌಕರರ ದೂರುಗಳಿಗೆ ಬೇರೆ ವ್ಯವಸ್ಥೆ ಮಾಡುವ ಮಾತಿತ್ತು. ಆ ವ್ಯವಸ್ಥೆ ಬರಲೇ ಇಲ್ಲ. ಹಾಗಾಗಿ ತಿದ್ದಿದ ವ್ಯಾಖ್ಯೆ ಕಾಯ್ದೆಯ ಪುಸ್ತಕದಲ್ಲಿ ಅಚ್ಚಾಯಿತೇ ಹೊರತು ಒಂದು ದಿನವೂ ಜಾರಿಗೆ ಬರಲಿಲ್ಲ. ಕಾಲೇಜಿನ ಜವಾನನಿಗೆ ಕಾನೂನಿನ ರಕ್ಷಣೆ ಉಳಿದದ್ದು ಸರ್ಕಾರದ ಸೋಮಾರಿತನದಿಂದ. ಸೋಮಾರಿತನಕ್ಕೂ ಒಮ್ಮೊಮ್ಮೆ ಋಣಿಯಾಗಿರಬೇಕಾಗುತ್ತದೆ. ರಾಜಪ್ಪ ತೀರ್ಪಿನ ಮರುಪರಿಶೀಲನೆ ಆಗಬೇಕೆಂದು 2005ರಲ್ಲಿ ಐದು ನ್ಯಾಯಮೂರ್ತಿಗಳ ಪೀಠ ಹೇಳಿತು. 2017ರಲ್ಲಿ ವಿಷಯವನ್ನು ಒಂಬತ್ತು ಮಂದಿಯ ಪೀಠಕ್ಕೆ ಒಪ್ಪಿಸಲಾಯಿತು.

ಅಧ್ಯಾಪಕರ ಕತೆ ಬೇರೆ. ಗೋವಾದ ಒಬ್ಬ ಶಿಕ್ಷಕಿಯ ಪ್ರಕರಣದಲ್ಲಿ 1988ರಲ್ಲಿ ಸುಪ್ರೀಂ ಕೋರ್ಟು, ಶಾಲೆ ಕೈಗಾರಿಕೆಯೇ ಹೌದು, ಆದರೆ ಪಾಠ ಹೇಳುವವರು ಕಾರ್ಮಿಕರಲ್ಲ ಎಂದಿತು. ತೀರ್ಪು ಬರೆದವರು ನಮ್ಮ ಮಂಡ್ಯ ಜಿಲ್ಲೆಯ ಇ. ಎಸ್. ವೆಂಕಟರಾಮಯ್ಯ. ಆ ದಿನಗಳಲ್ಲಿ ನನ್ನ ಅಧ್ಯಾಪಕ ಮಿತ್ರರು ಇದನ್ನು ಗೌರವ ಎಂದೇ ತಿಳಿದರು. ನಾವೇನು ಗಿರಣಿ ಕೂಲಿಗಳೇ ಎಂದವರೂ ಇದ್ದರು. ಈಗ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವಾ ಭದ್ರತೆಗಾಗಿ ಬೀದಿಯಲ್ಲಿ ಕೂರುವಾಗ, ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ ಅದೇ ಕುರ್ಚಿಗೆ ಕಾಯುವಾಗ, ಆ ಗೌರವದ ಬೆಲೆ ಎಷ್ಟೆಂದು ಅವರನ್ನೇ ಕೇಳಬೇಕು.

ಕರ್ನಾಟಕದ ಮಟ್ಟಿಗೆ ಇನ್ನೊಂದು ಬಾಗಿಲಿದೆ, ಅದನ್ನು ಹೇಳದಿದ್ದರೆ ಚಿತ್ರ ಪೂರ್ತಿಯಾಗದು. 1975ರ ಖಾಸಗಿ ಶಿಕ್ಷಣ ಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣ ಕಾಯ್ದೆ, ಆಮೇಲೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆ ಎರಡೂ ಖಾಸಗಿ ಸಂಸ್ಥೆಯ ನೌಕರನನ್ನು ವಿಚಾರಣೆಯಿಲ್ಲದೆ ವಜಾ ಮಾಡುವಂತಿಲ್ಲ ಎನ್ನುತ್ತವೆ. ವಜಾ ಆದವನು ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಜಿಲ್ಲಾ ನ್ಯಾಯಾಧೀಶರೇ ಆ ಮಂಡಳಿ. ಇಲ್ಲಿ ಅಧ್ಯಾಪಕ, ಅಟೆಂಡರ್ ಎಂಬ ಭೇದವಿಲ್ಲ. ಒಳ್ಳೆಯ ಕಾನೂನು. ಪ್ರಿನ್ಸಿಪಾಲರೂ ಜವಾನನೂ ಒಂದೇ ಬೆಂಚಿನ ಮೇಲೆ ತಮ್ಮ ಸರದಿಗೆ ಕಾದು ಕೂತದ್ದನ್ನು ನಾನು ಕಂಡದ್ದು ಅಲ್ಲಿಯೇ. ಆದರೆ ಈ ಬಾಗಿಲು ತೆರೆಯುವುದು ಹಾಜರಿ ಪುಸ್ತಕದಲ್ಲಿ ಹೆಸರಿದ್ದವನಿಗೆ. ಅದಕ್ಕೆ ಆಮೇಲೆ ಬರುತ್ತೇನೆ.

ಅದಕ್ಕೂ ಮೊದಲು ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣ. 2002ರ ಅಕ್ಟೋಬರ್ 31ರ ಆ ತೀರ್ಪನ್ನು ಕೊಟ್ಟದ್ದು ಹನ್ನೊಂದು ನ್ಯಾಯಮೂರ್ತಿಗಳ ಪೀಠ. ಖಾಸಗಿಯವರು ಕಾಲೇಜು ತೆರೆದು ನಡೆಸುವುದು ಅವರ ಮೂಲಭೂತ ಹಕ್ಕೇ ಎಂಬುದು ಅಲ್ಲಿನ ಒಂದು ಮುಖ್ಯ ಪ್ರಶ್ನೆ. ಪೀಠ ಹೌದು ಎಂದಿತು. ಸಂವಿಧಾನದ 19(1)(ಜಿ) ಹೇಳುವ 'ಉದ್ಯೋಗ'ದಲ್ಲಿ ಶಿಕ್ಷಣ ಸಂಸ್ಥೆ ನಡೆಸುವುದೂ ಸೇರುತ್ತದೆ ಎಂದಿತು. ಈ ತೀರ್ಪಿನ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ಅದನ್ನು ಬಳಸುವವರ ಬಗ್ಗೆ. ಸೀಟು ಹಂಚಿಕೆ, ಶುಲ್ಕ, ಆಡಳಿತದ ಸ್ವಾತಂತ್ರ್ಯ ಕೇಳುವಾಗ ಆಡಳಿತ ಮಂಡಳಿ ಬೆಂಗಳೂರಿನ ಹೈಕೋರ್ಟಿನಲ್ಲಿ ನಿಂತು ಇದು ನಮ್ಮ ಉದ್ಯೋಗ ಎನ್ನುತ್ತದೆ. ಅದೇ ಮಂಡಳಿ ಅದೇ ವಾರ ಕಾರ್ಮಿಕ ನ್ಯಾಯಾಲಯದಲ್ಲಿ ಸ್ವೀಪರಿನ ಅರ್ಜಿಗೆ ಉತ್ತರವಾಗಿ ಇದು ನಮ್ಮ ಸೇವೆ, ನಮ್ಮ ವ್ರತ ಎನ್ನುತ್ತದೆ. ಎರಡೂ ಕಡತ ಒಂದೇ ವಕೀಲರ ಕಪಾಟಿನಲ್ಲಿರುತ್ತವೆ.

ಆಡಳಿತ ಮಂಡಳಿಗಳಿಗೂ ಹೇಳಿಕೊಳ್ಳುವ ಕಷ್ಟವಿದೆ, ಅದನ್ನು ಮುಚ್ಚಿಡುವುದಿಲ್ಲ. ಅನುದಾನಿತ ಕಾಲೇಜಿನಲ್ಲಿ ಒಬ್ಬ ಅಟೆಂಡರ್ ನಿವೃತ್ತನಾದರೆ ಆ ಹುದ್ದೆ ತುಂಬಲು ಸರ್ಕಾರದ ಅನುಮತಿ ಬೇಕು. ಅನುಮತಿ ಬರುವುದಿಲ್ಲ. ಲ್ಯಾಬಿನ ಬಾಗಿಲು ಮಾತ್ರ ಬೆಳಿಗ್ಗೆ ತೆರೆಯಲೇಬೇಕು. ಮಂಡಳಿ ತನ್ನ ನಿಧಿಯಿಂದ ಒಬ್ಬನನ್ನು ತಿಂಗಳ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ. ಒಂದೇ ಕೋಣೆಯಲ್ಲಿ ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬನಿಗೆ ಸರ್ಕಾರದ ವೇತನ ಶ್ರೇಣಿ, ಇನ್ನೊಬ್ಬನಿಗೆ ಲಕೋಟೆಯಲ್ಲಿ ಹಾಕಿಕೊಟ್ಟಷ್ಟು. ಈ ಪಾಠವನ್ನು ಮಂಡಳಿಗಳಿಗೆ ಹೇಳಿಕೊಟ್ಟದ್ದೇ ಸರ್ಕಾರ. ತನ್ನ ಇಲಾಖೆಗಳಲ್ಲಿ ದಿನಗೂಲಿ, ಗುತ್ತಿಗೆ, ಹೊರಗುತ್ತಿಗೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿಕೊಂಡು ಬಂದದ್ದು ಅದೇ.

ಹೊರಗುತ್ತಿಗೆಯ ವಿಷಯದಲ್ಲಿ ನನ್ನದೇ ಒಂದು ಕಡತದ ಮಾತು ಹೇಳುತ್ತೇನೆ. ಊರು, ಕಾಲೇಜಿನ ಹೆಸರು ಬೇಡ. ಹಾಸ್ಟೆಲಿನ ಅಡುಗೆಯವರು. ಹಲವು ವರ್ಷ ಕಾಲೇಜಿನ ಹೆಸರಲ್ಲೇ ದುಡಿದವರನ್ನು ಒಂದು ಜೂನ್ ತಿಂಗಳಲ್ಲಿ ಕರೆದು, ಇನ್ನು ಮುಂದೆ ನೀವು ಏಜೆನ್ಸಿಯವರ ಕಡೆಯವರು ಎಂದು ಸಹಿ ಹಾಕಿಸಿಕೊಂಡರು. ಆಮೇಲೆ ಏಜೆನ್ಸಿಗಳು ಬದಲಾಗುತ್ತ ಹೋದವು. ಅಡುಗೆಯವರು ಅವರೇ, ಪಾತ್ರೆಗಳು ಅವೇ, ಸ್ಟೋರ್ ರೂಮಿನ ಕೀಲಿಕೈ ಇಟ್ಟುಕೊಂಡ ವಾರ್ಡನ್ನರೂ ಅವರೇ. ಪಿಎಫ್ ಕಟ್ ಆಗುತ್ತಿತ್ತು, ಖಾತೆಗೆ ಜಮಾ ಆಗಿರಲಿಲ್ಲ. ಕಾಲೇಜನ್ನು ಕೇಳಿದರೆ ಏಜೆನ್ಸಿಯನ್ನು ಕೇಳಿ ಎಂದರು. ಏಜೆನ್ಸಿಯ ಆಫೀಸಿಗೆ ಹೋದರೆ ಬೀಗ. ನನ್ನ ಚೇಂಬರಿಗೆ ಬಂದ ಹಿರಿಯ ಅಡುಗೆಯಾಕೆ ಕೇಳಿದ್ದು ಇಷ್ಟೇ: "ಸಾಹೇಬ್ರ, ನಾವು ಯಾರ ಮಂದಿ ಅಂತ ಒಮ್ಮೆ ಬರದು ಕೊಡ್ರಿ ಸಾಕು. ಆಮ್ಯಾಲ ಪಗಾರದ ಮಾತು ಆಡೋಣಂತ."

ನಾನು ಮಂಡಿಸಿದ ವಾದಕ್ಕಿಂತ ಅದು ಚೊಕ್ಕದಾಗಿತ್ತು. ಯಾಕೆಂದರೆ ಕಾನೂನು ನಿಂತಿರುವುದೂ ಅದೇ ಪ್ರಶ್ನೆಯ ಮೇಲೆ. ಗುತ್ತಿಗೆ ಪದ್ಧತಿ ರದ್ದಾದ ಮಾತ್ರಕ್ಕೆ ಗುತ್ತಿಗೆ ಕಾರ್ಮಿಕರು ತಾನಾಗಿಯೇ ಖಾಯಂ ಆಗುವುದಿಲ್ಲ ಎಂದು 2001ರಲ್ಲಿ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಜೊತೆಗೆ, ಗುತ್ತಿಗೆ ಬರಿಯ ತೋರಿಕೆಯದಾಗಿದ್ದರೆ ಕಾರ್ಮಿಕರು ಮೂಲ ಮಾಲೀಕನವರೇ ಎಂಬ ದಾರಿಯನ್ನೂ ಬಿಟ್ಟಿತು. ತೋರಿಕೆ ಎಂದು ಸಾಬೀತು ಮಾಡುವುದು ಹೇಗೆ? ರಜೆಯ ಚೀಟಿಗೆ ಸಹಿ ಹಾಕಿದವರು ಯಾರು, ನಾಳೆ ಬೆಳಿಗ್ಗೆ ಉಪ್ಪಿಟ್ಟೋ ಅವಲಕ್ಕಿಯೋ ಎಂದು ಹೇಳಿದವರು ಯಾರು, ತಡವಾಗಿ ಬಂದಾಗ ಬೈದವರು ಯಾರು. ಆ ಅಡುಗೆಯಾಕೆ ವಾರ್ಡನ್ನರ ಕೈಬರಹದ ಚೀಟಿಗಳನ್ನು ಅಕ್ಕಿ ಡಬ್ಬಿಯಲ್ಲಿ ಎತ್ತಿಟ್ಟಿದ್ದಳು. ಪ್ರಕರಣ ರಾಜಿಯಲ್ಲಿ ಮುಗಿಯಿತು. ಪಿಎಫ್ ಬಾಕಿ ಸಿಕ್ಕಿತು, ಖಾಯಮಾತಿ ಸಿಗಲಿಲ್ಲ. ರಾಜಿಗೆ ಒಪ್ಪಿಸಿದವನು ನಾನೇ. ಆ ಹೊತ್ತಿಗೆ ಎದುರು ಪಕ್ಷದವರ ಕೈಯಲ್ಲಿ ಉಮಾದೇವಿ ಇದ್ದಳು.

ಹೊರಗಿನವರಿಗೆ ಈ ಮಾತು ವಿಚಿತ್ರವಾಗಿ ಕೇಳಿಸಬಹುದು. ಉಮಾದೇವಿ ಎಂದರೆ 2006ರ ಏಪ್ರಿಲ್ 10ರ ತೀರ್ಪು. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ಪ್ರಕರಣ. ನೇಮಕಾತಿ ನಿಯಮ ಬಿಟ್ಟು ಹಿಂಬಾಗಿಲಿಂದ ಬಂದವರು ಎಷ್ಟು ವರ್ಷ ದುಡಿದರೂ ಖಾಯಂ ಆಗುವ ಹಕ್ಕಿಲ್ಲ ಎಂದು ಐವರ ಪೀಠ ಹೇಳಿತು. ಮಂಜೂರಾದ ಹುದ್ದೆಯಲ್ಲಿ ಕೋರ್ಟಿನ ಆಸರೆಯಿಲ್ಲದೆ ಹತ್ತು ವರ್ಷ ದುಡಿದವರನ್ನು ಒಂದು ಬಾರಿಗೆ ಪರಿಗಣಿಸಿ ಎಂದೂ ಹೇಳಿತು. ಮೊದಲ ಭಾಗವನ್ನು ದೇಶದ ಎಲ್ಲ ಇಲಾಖೆ, ವಿಶ್ವವಿದ್ಯಾಲಯ, ಕಾಲೇಜುಗಳು ಬಾಯಿಪಾಠ ಮಾಡಿದವು. ಎರಡನೆಯ ಭಾಗವನ್ನು ಮರೆತವು. ತೀರ್ಪಿನ ಗುರಿಯಾಗಿದ್ದದ್ದು ಸರ್ಕಾರಿ ಹುದ್ದೆಯ ಹಿಂಬಾಗಿಲು ಎಂಬುದನ್ನು ಬಿಟ್ಟು ಖಾಸಗಿ ಕಾಲೇಜುಗಳೂ ಅದನ್ನು ಝಳಪಿಸಿದವು.

ಈಚೆಗೆ ಗಾಳಿ ಸ್ವಲ್ಪ ತಿರುಗಿದೆ. 2024ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗದ ಕಸ ಗುಡಿಸುವವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ದಶಕಗಟ್ಟಲೆ ದುಡಿಸಿಕೊಂಡವರನ್ನು ಹೊರಗಟ್ಟಲು ಉಮಾದೇವಿಯನ್ನು ಆಯುಧ ಮಾಡಿಕೊಳ್ಳಬೇಡಿ ಎಂದಿತು. 2025ರ ಆಗಸ್ಟಿನಲ್ಲಿ ಬಂದ ಇನ್ನೊಂದು ತೀರ್ಪು ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತದೆ. ಉತ್ತರ ಪ್ರದೇಶದ ಉನ್ನತ ಶಿಕ್ಷಣ ಸೇವಾ ಆಯೋಗ ಕಾಲೇಜುಗಳಿಗೆ ಅಧ್ಯಾಪಕರನ್ನು ಆರಿಸುತ್ತಿದ್ದ ಸಂಸ್ಥೆ. ಅಲ್ಲಿ 1989ರಿಂದ 1992ರ ನಡುವೆ ದಿನಗೂಲಿಯ ಮೇಲೆ ಸೇರಿದ ಕೆಲವು ಜವಾನರೂ ಒಬ್ಬ ಡ್ರೈವರೂ ಮೂವತ್ತು ವರ್ಷ ದಾಟಿದರೂ ದಿನಗೂಲಿಗಳೇ ಆಗಿದ್ದರು. ಹುದ್ದೆ ಸೃಷ್ಟಿಸಲು ಹಣವಿಲ್ಲ ಎಂಬುದು ಸರ್ಕಾರದ ಉತ್ತರ. ಬಜೆಟ್ಟಿನ ಭಾರವನ್ನು ತೀರ ಅಗತ್ಯವಾದ ನಿತ್ಯದ ಕೆಲಸ ಮಾಡುವವರ ಬೆನ್ನಿನ ಮೇಲೆ ಹಾಕುವುದು ರಾಜ್ಯಕ್ಕೆ ತಕ್ಕದ್ದಲ್ಲ ಎಂಬ ಅರ್ಥದ ಮಾತಾಡಿ, ಕೋರ್ಟು ಅವರನ್ನು ಖಾಯಂ ಮಾಡಲು ಆದೇಶಿಸಿತು. ನಾಡಿಗೆ ಅಧ್ಯಾಪಕರನ್ನು ಆರಿಸಿ ಕೊಡುವ ಕಚೇರಿಯಲ್ಲೇ ಬಾಗಿಲು ತೆಗೆಯುವವರಿಗೆ ಖಾಯಂ ನೇಮಕವಿರಲಿಲ್ಲ.

ಈಗ ಹೊಸ ಸಂಹಿತೆಗಳು. ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಕೈಗಾರಿಕೆಯ ಅರ್ಥವನ್ನು ಹೇಳುವಾಗ ರಾಜಪ್ಪ ತೀರ್ಪಿನ ಮಾತುಗಳೇ ಬಹುಮಟ್ಟಿಗೆ ಬಂದಿವೆ. 1982ರ ತಿದ್ದುಪಡಿಯಂತೆ ಶಿಕ್ಷಣ ಸಂಸ್ಥೆಗಳನ್ನು ಹೆಸರಿಟ್ಟು ಹೊರಗಿಟ್ಟಿಲ್ಲ. ಆದರೆ ಪೂರ್ತಿಯಾಗಿ ಅಥವಾ ಬಹುಪಾಲು ದಾನಧರ್ಮದ, ಸಮಾಜಸೇವೆಯ ಕೆಲಸದಲ್ಲಿ ತೊಡಗಿರುವ ಸಂಘಗಳು ನಡೆಸುವ ಸಂಸ್ಥೆಗಳನ್ನು ಹೊರಗಿಟ್ಟಿದೆ. ಕರ್ನಾಟಕದಲ್ಲಿ ಖಾಸಗಿ ಕಾಲೇಜು ಎಂದರೆ ಬಹುತೇಕ ಮಠ, ಟ್ರಸ್ಟು, ಸೊಸೈಟಿಗಳದ್ದು. ಪ್ರತಿಯೊಂದರ ನೋಂದಣಿ ಪತ್ರದಲ್ಲೂ ಸೇವೆ ಎಂಬ ಮಾತಿದೆ. ಬರುವ ಹತ್ತು ವರ್ಷದ ವ್ಯಾಜ್ಯವೆಲ್ಲ ಈ 'ಬಹುಪಾಲು' ಎಂಬುದರ ಸುತ್ತ 
ನಡೆಯಲಿದೆ ಎಂದು ನನ್ನ ಅಂದಾಜು. ಒಂದು ಹೊತ್ತಿನ ದಾಸೋಹ ನಡೆಸುವ ಮಠದ ಇಂಜಿನಿಯರಿಂಗ್ ಕಾಲೇಜಿನ ಲೆಕ್ಕಪತ್ರವನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರಿ?

ಇನ್ನೊಂದು ಸಂಹಿತೆ ಕೆಲಸದ ಸುರಕ್ಷತೆ, ಆರೋಗ್ಯದ ಕುರಿತದ್ದು. ಸಂಸ್ಥೆಯ ಮೂಲ ಕೆಲಸಕ್ಕೆ ಗುತ್ತಿಗೆ ಆಳುಗಳನ್ನು ಇಟ್ಟುಕೊಳ್ಳಬಾರದು ಎಂದು ಅದು ಹೇಳುತ್ತದೆ. ಕೇಳಲು ಹಿತವಾಗಿದೆ. ಮೂಲ ಕೆಲಸವಲ್ಲದ್ದು ಯಾವುದೆಂಬ ಪಟ್ಟಿಯನ್ನೂ ಕೊಟ್ಟಿದೆ: ಶುಚಿ ಕೆಲಸ, ಕಾವಲು, ಕ್ಯಾಂಟೀನು ಮತ್ತು ಅಡುಗೆ, ತೋಟದ ಕೆಲಸ, ಬಟ್ಟೆ ಒಗೆಯುವುದು, ಸಾರಿಗೆ. ಕಾಲೇಜಿನಲ್ಲಿ ಪಾಠ ಮತ್ತು ಆಫೀಸು ಬಿಟ್ಟರೆ ಇನ್ನೇನು ಉಳಿಯಿತು? 1963ರಲ್ಲಿ ನ್ಯಾಯಮೂರ್ತಿಗಳು ಲೆಕ್ಕಕ್ಕೆ ಬಾರದವರು ಎಂದದ್ದನ್ನು 2020ರಲ್ಲಿ ಸಂಸತ್ತು ಪಟ್ಟಿ ಮಾಡಿ, ಕ್ರಮಸಂಖ್ಯೆ ಹಾಕಿ ಬರೆದಿದೆ. ಕಾಲೇಜು ಏನು ಎಂದು ಅರವತ್ತು ವರ್ಷ ಕೇಳುತ್ತ ಬಂದ ಪ್ರಶ್ನೆಯೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಕೇಳಬೇಕಾದದ್ದು, ದುಡಿಸಿಕೊಂಡವರು ದುಡಿದವರಿಗೆ ಏನು ಕೊಡಬೇಕು ಎಂದು. ಸಂಸ್ಥೆಯ ಉದ್ದೇಶ ದೊಡ್ಡದಾದಷ್ಟೂ ಅದರ ಖರ್ಚನ್ನು ಅಡುಗೆಯವಳ ಪಗಾರದಿಂದ ಕಳೆಯಬಹುದು ಎಂಬ ಲೆಕ್ಕ ಯಾವ ಶಾಸ್ತ್ರದಲ್ಲಿದೆ?

ಆ ಸುರಕ್ಷತೆಯ ಸಂಹಿತೆಯಲ್ಲೇ ಒಂದು ಚಿಕ್ಕ ಕಲಮಿದೆ. ಪ್ರತಿ ನೌಕರನಿಗೂ ನೇಮಕದ ಪತ್ರ ಕೊಡಬೇಕು. ಆಡಳಿತ ಮಂಡಳಿಯ ಸದಸ್ಯರು ಕೆಲವರು ಇಲ್ಲಿದ್ದೀರಿ. ನಾಳೆ ಆಫೀಸಿಗೆ ಹೋದಾಗ ಏಜೆನ್ಸಿಯ ಕರಾರು ಪತ್ರ ತರಿಸಿಕೊಳ್ಳಿ. ಹಾಸ್ಟೆಲಿನ, ಗೇಟಿನ, ಬಸ್ಸಿನ ಜನರಿಗೆ ಏಜೆನ್ಸಿ ನೇಮಕದ ಪತ್ರ ಕೊಟ್ಟಿದೆಯೇ, ಕಟ್ ಮಾಡಿದ ಪಿಎಫ್ ಮತ್ತು ಇಎಸ್‌ಐ ಜಮಾ ಆಗಿದೆಯೇ ನೋಡಿ. ಏಜೆನ್ಸಿ ಸಂಬಳ ಕೊಡದಿದ್ದರೆ ಕೊಡುವ ಹೊಣೆ ಮೂಲ ಮಾಲೀಕನದು ಎಂಬ ನಿಯಮ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೂ ಇತ್ತು, ಈಗಲೂ ಇದೆ. ಅದನ್ನು ಕೋರ್ಟಿನ ನೋಟಿಸಿನಿಂದ ತಿಳಿಯುವುದಕ್ಕಿಂತ ಮೊದಲೇ ತಿಳಿದಿರುವುದು ಮಂಡಳಿಗೂ ಅಗ್ಗ. ನೌಕರ ಮಿತ್ರರು ರಜೆಯ ಚೀಟಿ, ಡ್ಯೂಟಿ ಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಪುಟ ಯಾವುದನ್ನೂ ಎಸೆಯಬೇಡಿ. ಕಾನೂನಿನ ವಿವರಗಳಲ್ಲಿ ಸಂಶಯವಿದ್ದವರು ಈಗಲೇ ಕೇಳಬಹುದು, ಅಧ್ಯಕ್ಷರು ಅರ್ಧ ಗಂಟೆ ಇಟ್ಟಿದ್ದಾರೆ.